ಕೂಗುಬಂಡೆಯ ಎದುರು

“ಏನಪ್ಪಾ ಮೈಕ್‌ಸೆಟ್, ಇವತ್ತು ಕರೆಂಟ್ ಹೋಗಿದೆಯಾ?”

ಚಹಾ ಸೋಸುತ್ತಲೇ ಅವಳು ಕೇಳಿದಳು. ಎದುರಿಗೆ ನಿಂತ ಗೈಡ್ ಉತ್ತರ ಕೊಡಲಿಲ್ಲ. ಒಂದು ಚಹಾ ಎಂಬಂತೆ ಬೆರಳು ಎತ್ತಿ ತೋರಿಸಿದ, ಅಷ್ಟೇ. ಊರಿನ ಕೆರೆ, ಜಲಪಾತ, ಗುಡ್ಡದ ಮೇಲಿನ ಪಾಳು ಕೋಟೆ, ಎಲ್ಲವನ್ನೂ ಒಂದೇ ಉಸಿರಿಗೆ ಬಣ್ಣಿಸುವ ಗಂಟಲು ಅವನದು. ಅದಕ್ಕೇ ಜನ ಆ ಹೆಸರಿಟ್ಟಿದ್ದರು. ಅಂಥವನು ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗಾದರೂ ಕೆಣಕೋಣ ಅನ್ನಿಸುತ್ತದೆ.

“ಮಾತಾಡಿದ್ರೆ ಮುತ್ತು ಉದುರುತ್ತಾ?”

ಅವನು ನಕ್ಕ. ಚಹಾ ಕುಡಿದು ಮುಗಿಸುವವರೆಗೂ ಅವಳ ಮೇಲಿನ ಕಣ್ಣು ತೆಗೆಯಲಿಲ್ಲ. ಆ ನೋಟಕ್ಕೆ ತಬ್ಬಿಬ್ಬಾಗಿ ಅವಳು ಪಾತ್ರೆಗೆ ಎರಡೆರಡು ಸಲ ಸಕ್ಕರೆ ಸುರಿದಳು. ಖಾಲಿ ಲೋಟವನ್ನು ಅವನು ಎಂದಿನಂತೆ ಕಟ್ಟೆಯ ಮೇಲಿಡದೆ ಅವಳ ಕೈಗೇ ಕೊಟ್ಟ. ಚೀಲ ಹೆಗಲಿಗೇರಿಸಿ, ಬಸ್ ನಿಲ್ಲುವ ಕಡೆ ಇಳಿದುಹೋದ.

“ಕೊಬ್ಬು ನೋಡಿ ಚಿಕ್ಕಮ್ಮ!”

ಪಕ್ಕದ ಟಿಕೆಟ್ ಕೌಂಟರಿನಲ್ಲಿ ಕೂತಿದ್ದ ಚಿಕ್ಕಮ್ಮ ತಲೆ ಎತ್ತಿದರು. “ಕೊಬ್ಬಲ್ಲ ಕಣೇ. ಗಂಟಲಲ್ಲಿ ಗಡ್ಡೆಯಂತೆ. ನಾಳೆ ದೊಡ್ಡಾಸ್ಪತ್ರೇಲಿ ಆಪರೇಷನ್. ಅಲ್ಲೀವರೆಗೂ ಒಂದಕ್ಷರ ಆಡಬಾರ್ದು ಅಂದಿದ್ದಾರಂತೆ ಡಾಕ್ಟ್ರು. ಆಮೇಲೂ ದನಿ ಬರುತ್ತೆ ಅನ್ನೋ ಗ್ಯಾರಂಟಿ ಇಲ್ವಂತೆ. ಅವರಣ್ಣ ಹೇಳ್ದ.”

ಅವಳ ಕೈಯಲ್ಲಿದ್ದ ಲೋಟ ಇನ್ನೂ ಬೆಚ್ಚಗಿತ್ತು.

ಅಂಗಡಿಯ ಮುಂದೆ ಕಬ್ಬಿಣದ ಕಂಬಿ, ಕಂಬಿಯಾಚೆ ಕಣಿವೆ, ಕಣಿವೆಯಾಚೆ ಕೂಗುಬಂಡೆ. ಏನು ಕೂಗಿದರೂ ಅದು ವಾಪಸ್ ಕೂಗುತ್ತದೆ. ಆದರೆ ಕೂಗುವವರು ಪ್ರವಾಸಿಗರು ಮಾತ್ರ. ಊರಿನವರು ಸತ್ತರೂ ಕೂಗುವುದಿಲ್ಲ, ಯಾಕೆಂದರೆ ಅದು ಕೆಳಗಿನ ಪೇಟೆಗೆಲ್ಲ ಕೇಳಿಸಿ ಮಾನ ಹರಾಜಾಗುತ್ತದೆ. ಹರೆಯದಲ್ಲಿ ಒಮ್ಮೆ ಕೂಗಿದ ಅಂಚೆಯವನನ್ನು ಜನ ರಿಟೈರ್ ಆಗುವವರೆಗೂ ಆಡಿಕೊಂಡರು. ಗೈಡಿಗೆ ಮಾತ್ರ ವಿನಾಯಿತಿ, ಅದು ಅವನ ಹೊಟ್ಟೆಪಾಡು.

ದಿನವೂ ಅವನು ಕಂಬಿಗೆ ಕೈಯೂರಿ, “ನನ್ನನ್ನ ಮದುವೆ ಆಗ್ತೀಯಾ?” ಎಂದು ಕೂಗುತ್ತಿದ್ದ. “ಆಗ್ತೀಯಾ... ಆಗ್ತೀಯಾ...” ಎನ್ನುತ್ತಿತ್ತು ಬಂಡೆ. “ನೋಡಿ ಸಾರ್, ಉತ್ತರ ಕೇಳಿದ್ರೆ ಪ್ರಶ್ನೆನೇ ವಾಪಸ್ ಕೊಡುತ್ತೆ!” ಎಂದು ಜನರನ್ನು ನಗಿಸಿ, ಅಂಗಡಿಯ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳು ಮುಖ ಸೊಟ್ಟಗೆ ಮಾಡುತ್ತಿದ್ದಳು. ಬಂದವರನ್ನೆಲ್ಲ ನಗಿಸಲು ಆಡುವ ಮಾತನ್ನು ಯಾವ ಹೆಣ್ಣು ನಂಬುತ್ತಾಳೆ?

“ಇನ್ನು ಆ ನಾಟಕದ ಕೂಗು ಕೇಳಲ್ವಾ ಚಿಕ್ಕಮ್ಮ?”

“ನಾಟಕಾನಾ? ನೀನು ರಜಾ ಹಾಕಿದ ದಿನ ಬರೀ ‘ಹಲೋ’ ಅಂತ ಕೂಗಿ ಇಳಿದುಹೋಗ್ತಾನೆ ಕಣೇ. ಊರಿಗೆಲ್ಲ ಗೊತ್ತು. ನಿನಗೊಬ್ಬಳಿಗೆ ಗೊತ್ತಿಲ್ವಾ?”

ಗೊತ್ತಾಗುವುದಾದರೂ ಹೇಗೆ? ಅವಳಿಲ್ಲದ ದಿನ ಕೇಳಲು ಅವಳೇ ಇರುತ್ತಿರಲಿಲ್ಲವಲ್ಲ.

ಫೋನ್ ಮಾಡಿದಳು. ಸ್ವಿಚ್ಡ್ ಆಫ್. ಮಾತಾಡಬಾರದವನಿಗೆ ಫೋನ್ ಯಾಕೆ? ನಾಳೆ ದನಿ ಹೋದರೆ ಅವನು ತಿರುಗಿ ಬಂದು ಕೇಳುವವರ ಪೈಕಿಯೂ ಅಲ್ಲ. ಅವಳ ದಾರಿಗೇ ಅಡ್ಡ ಬರುವುದಿಲ್ಲ, ಅಷ್ಟು ಸ್ವಾಭಿಮಾನಿ. ಉತ್ತರ ಇವತ್ತೇ ತಲುಪಬೇಕಿತ್ತು.

ಕೆಳಗೆ ಬಸ್ಸು ಹೊರಟುಬಿಟ್ಟಿತ್ತು. ಕಣಿವೆಯ ತಿರುವುಗಳನ್ನು ಸುತ್ತುತ್ತಿತ್ತು. ಕೊನೆಯ ತಿರುವು ದಾಟಿದರೆ ಗುಡ್ಡದ ಮರೆ. ಅವಳು ಒಲೆ ಆರಿಸುವುದನ್ನೂ ಮರೆತು ಓಡಿ, ಫೋಟೋ ತೆಗೆಸಿಕೊಳ್ಳುತ್ತಿದ್ದವರನ್ನು ನೂಕಿ, ಕಂಬಿ ಹಿಡಿದಳು.

“ಆಗ್ತೀನಿ!”

ದನಿ ಕೀರಲಾಯಿತು. ಬಂಡೆಗೂ ಮುಟ್ಟಲಿಲ್ಲ. ಹೊಟ್ಟೆಯೊಳಗಿನ ಉಸಿರನ್ನೆಲ್ಲ ಎಳೆದು ಮತ್ತೆ ಕೂಗಿದಳು.

“ಆಗ್ತೀನಿ ಕಣೋ! ನಿಲ್ಲೋ!”

“ನಿಲ್ಲೋ... ನಿಲ್ಲೋ...” ಎಂದಿತು ಬಂಡೆ. ಪೇಟೆಗೆ ಕೇಳಿಸಿತು. ಅಪ್ಪನ ಸೈಕಲ್ ಅಂಗಡಿಗೂ ಕೇಳಿಸಿರಬೇಕು. ಕೇಳಲಿ. ಅವಳು ಕಣ್ಣೀರು ಒರೆಸಿಕೊಳ್ಳದೆ ಕೂಗುತ್ತಲೇ ಇದ್ದಳು.

ಕೊನೆಯ ತಿರುವಿನಲ್ಲಿ ಬಸ್ಸು ನಿಂತಿತು.

ಅವನು ಇಳಿದ. ದನಿ ಬಂದ ಬಂಡೆಯ ಕಡೆ ಮೊದಲು ನೋಡಿದ. ಬಂಡೆ ತಾನಾಗಿ ಮಾತಾಡುವುದಿಲ್ಲವೆಂದು ಅವನಿಗಿಂತ ಬಲ್ಲವರು ಯಾರು? ತಟ್ಟನೆ ಮೇಲೆ, ಕಂಬಿಯ ಕಡೆ ತಿರುಗಿದ. ಎರಡೂ ಕೈ ಬಾಯಿಗೆ ಹೋದವು.

“ಬೇಡ! ಮಾತಾಡ್ಬೇಡ!” ಅವಳು ಚೀರಿದಳು.

“ಬೇಡ... ಬೇಡ...”

ಅವನ ಕೈಗಳು ಇಳಿದವು. ಚೀಲದಿಂದ ಏನೋ ತೆಗೆದ. ಚದುರಿದ ಪ್ರವಾಸಿಗರನ್ನು ಒಟ್ಟುಗೂಡಿಸಲು ಊದುತ್ತಿದ್ದ ಸೀಟಿ ಅದು. ಉದ್ದಕ್ಕೆ, ಉಸಿರು ಮುಗಿಯುವವರೆಗೆ ಊದಿದ. ಬಂಡೆಯೂ ಊದಿತು.

ಡ್ರೈವರ್ ಹಾರ್ನ್ ಹೊಡೆದ. ಅವನು ಹಿಂದೆ ನೋಡುತ್ತಲೇ ಹತ್ತಿದ. ಬಸ್ಸು ಗುಡ್ಡದ ಮರೆಯಾಯಿತು. ಅವಳು ಮಾತ್ರ ಕೂಗು ನಿಲ್ಲಿಸಲಿಲ್ಲ.

ಚಿಕ್ಕಮ್ಮ ಬಂದು ಭುಜ ಹಿಡಿದರು. “ಸಾಕು ಕಣೇ, ಬಸ್ಸು ಹೋಯ್ತು. ನಿನ್ನ ಗಂಟಲು ಹೋಗುತ್ತೆ.”

“ನಂದು ಹೋಗ್ಲಿ ಚಿಕ್ಕಮ್ಮ,” ಎಂದಳು ಒಡೆದ ದನಿಯಲ್ಲಿ. “ಅವನದು ಬರ್ಲಿ.”

ಮತ್ತೆ ಕಂಬಿ ಹಿಡಿದು ಕಣಿವೆಯ ಕಡೆ ತಿರುಗಿದಳು.