ರುಫೀನಾ ಬರೆದ ಹಕ್ಕಿ

ಕೋಳಿಗೂಡಿನ ಹಿಂದೆ ಯಾರೋ ನಿಂತಿದ್ದರು.

ರುಫೀನಾ ಕತ್ತಿ ಹಿಡಿದು ಬರಿಗಾಲಲ್ಲೇ ಹೊರಬಿದ್ದಳು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಆ ತಿಂಗಳು ಗ್ವಾಮ್ ದ್ವೀಪದ ಯೀಗೋ ಊರಿನಲ್ಲಿ ಮೂರು ಮನೆಗಳ ಕಾಳಗದ ಹುಂಜಗಳು ಕಳುವಾಗಿದ್ದವು. ನಾಲ್ಕನೆಯದು ತನ್ನದಾಗಲು ಅವಳು ಬಿಡುವವಳಲ್ಲ.

"ಕೈ ಮೇಲೆತ್ತು!"

ಅವನು ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ. "ಶ್... ಇನ್ನೆರಡು ನಿಮಿಷ" ಎಂದ.

ಕಳ್ಳನ ಬಾಯಲ್ಲಿ ಇಂಥ ಮಾತನ್ನು ಅವಳು ಕೇಳಿರಲಿಲ್ಲ. ಎತ್ತಿದ ಕತ್ತಿ ಎತ್ತಿದಂತೆಯೇ ಉಳಿಯಿತು. ಅವನು ಕಣ್ಣು ಮುಚ್ಚಿಕೊಂಡು ದೀವಿಹಲಸಿನ ಮರದ ಕಡೆ ಕಿವಿಗೊಟ್ಟಿದ್ದ. ಗಂಡಸಿಗೆ ಇಷ್ಟುದ್ದ ರೆಪ್ಪೆ ಯಾಕೋ ಎಂದುಕೊಂಡಳು. ಎಂದುಕೊಂಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಎರಡು ನಿಮಿಷದ ಮೇಲೆ ಅವನು ಹಾಳೆಯಲ್ಲಿ ಏನೋ ಗೀಚಿ, ತಿರುಗಿ ನಕ್ಕ. "ಈಗ ಕಡೀರಿ."

"ಹುಂಜ ಕದಿಯೋಕೆ ಬಂದೋನು ಲೆಕ್ಕ ಬೇರೆ ಬರೀತೀಯೇನೋ?"

"ಹಕ್ಕಿ ಎಣಿಸೋಕೆ ಬಂದೋನು. ಕಾಡುಪ್ರಾಣಿ ಇಲಾಖೆ. ಎಲಾಡಿಯೊ ಅಂತ."

"ಎಷ್ಟು ಸಿಕ್ವು?"

"ಒಂದೂ ಇಲ್ಲ."

"ಒಂದೂ ಇಲ್ಲ ಅನ್ನೋಕೆ ಇಷ್ಟು ಹೊತ್ತು ಬೇಕಾ?"

ಗದ್ದಲಕ್ಕೆ ಅಜ್ಜಿ ತಾನ್ ಬಿಸೆಂಟಾ ಹೊರಬಂದಳು. ಎಲಾಡಿಯೊ ಬಾಗಿ, ಅವಳ ಮುದಿಗೈಗೆ ಮೂಗು ತಾಗಿಸಿ, ಹಿರಿಯ ಹೆಂಗಸರಿಗೆ ಹೇಳುವಂತೆ "ಞೋರಾ" ಎಂದ. ಅಜ್ಜಿಯ ಮುಖ ಅರಳಿತು.

"ಕತ್ತಿ ಇಳಿಸೇ. ಹಿರಿಯರ ಕೈಗೆ ಮೂಗು ತಾಗಿಸೋನು ಹುಂಜ ಕದಿಯಲ್ಲ. ರೊಟ್ಟಿ ಬಿಸಿ ಇದೆ, ಕೂತ್ಕೊ ಮಗಾ."

ಹಾಗೆ ಶುರುವಾಯಿತು.

ಅವನು ಹುಡುಕುತ್ತಿದ್ದದ್ದು ಚುಗ್ವಾಂಗ್ವಾಂಗನ್ನು. ಮುಷ್ಟಿಗಿಂತ ಚಿಕ್ಕ ಹಕ್ಕಿ. ಗಂಡಿಗೆ ನೀಲಿಗಪ್ಪು ತಲೆ, ಕೆನೆಬಣ್ಣದ ಎದೆ. ಗ್ವಾಮ್ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ರುಫೀನಾ ಚಿಕ್ಕವಳಿದ್ದಾಗ ಕಾಡಿನಲ್ಲಿ ಸುಮ್ಮನೆ ಕೂತರೆ ಸಾಕು, ಒಂದಾದರೂ ಬಂದು, ತಲೆಯ ಮೇಲಿನ ಕೊಂಬೆಯಲ್ಲಿ ಬಾಲ ಬಿಚ್ಚಿ, ಯಾರಿವಳು ಎಂದು ಬಗ್ಗಿ ನೋಡುತ್ತಿತ್ತು. ಈಗ ದ್ವೀಪದ ದಕ್ಷಿಣದ ಕಾಡೆಲ್ಲ ಮೂಕ. ಉತ್ತರದ ಈ ಸುಣ್ಣಕಲ್ಲಿನ ಕಾಡಿನಲ್ಲಷ್ಟೇ ಒಂದೆರಡು ಉಳಿದಿರಬಹುದೆಂಬ ಆಸೆ.

"ಹಾವು ಕಣಪ್ಪಾ" ಎಂದಳು ಅಜ್ಜಿ. "ಯುದ್ಧ ಮುಗಿದ ಮೇಲೆ ಹಡಗಲ್ಲಿ ಬಂದ ಕಂದು ಹಾವು. ನನ್ನ ಕೋಳಿಮರಿ ತಿಂದಿದ್ದೂ ಅದೇ."

"ಆಫೀಸಲ್ಲಿ ಕೆಲವರು ಕೀಟಕ್ಕೆ ಹೊಡೆದ ಔಷಧಿ ಅಂತಾರೆ, ಕೆಲವರು ರೋಗ ಅಂತಾರೆ ಞೋರಾ."

"ಆಫೀಸಲ್ಲಿ ಯಾರಾದ್ರೂ ಕೋಳಿ ಸಾಕಿದ್ದಾರಾ?"

ಎಲಾಡಿಯೊ ರೊಟ್ಟಿ ಪಕ್ಕಕ್ಕಿಟ್ಟು, ಹಾಳೆಯ ಅಂಚಿನಲ್ಲಿ 'ಹಾವು' ಎಂದು ಬರೆದುಕೊಂಡ. ಅಜ್ಜಿಯ ಮಾತನ್ನು ಇಷ್ಟು ಶ್ರದ್ಧೆಯಿಂದ ಬರೆದುಕೊಂಡ ಓದಿದ ಮನುಷ್ಯನನ್ನು ರುಫೀನಾ ನೋಡಿರಲಿಲ್ಲ. ಅವತ್ತು ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು.

ಮೇ ತಿಂಗಳಲ್ಲಿ ಅವನು ಕಾಡಿನಿಂದ ಓಡಿಬಂದ. ಏದುಸಿರು, ಮೊಣಕೈ ತರಚಿತ್ತು.

"ಗೂಡು! ಜೋಡಿ ಇದೆ! ರುಫೀನಾ, ಬನ್ನಿ!"

ಕಾಡಿನ ಬಾಯಲ್ಲಿ ಅವಳು ಅವನ ಅಂಗಿ ಹಿಡಿದು ನಿಲ್ಲಿಸಿದಳು. "ಅಪ್ಪಣೆ ಕೇಳಿದ್ರಾ?" ಅವನು ತಪ್ಪಾಯಿತೆಂದು ತಲೆ ಬಾಗಿಸಿ, "ಅಜ್ಜ, ಅಜ್ಜಿ, ನಿಮ್ಮ ಜಾಗಕ್ಕೆ ಬರ್ತಿದ್ದೀವಿ, ಒಳಗೆ ಬಿಡಿ" ಎಂದು ಕಾಡಿನಲ್ಲಿ ನೆಲೆಸಿದ ಹಿರಿಯರ ಆತ್ಮಗಳ ಅಪ್ಪಣೆ ಕೇಳಿದ. ಆಮೇಲೆ ಇಬ್ಬರೂ ಒಳಗೆ ಹೋದರು.

ಕವೆಗೊಂಬೆಯಲ್ಲಿ ಬಟ್ಟಲಿನಷ್ಟು ಗೂಡು, ಒಂದೇ ಮೊಟ್ಟೆ. ಅಲ್ಲಿಂದ ಹನ್ನೊಂದು ದಿನ ಅವರು ಹಗಲೆಲ್ಲ ಆ ಮರ ಕಾದರು. ಹಕ್ಕಿ ಬೆದರಬಾರದೆಂದು ಪಿಸುಮಾತಿನಲ್ಲೇ ಎಲ್ಲ. ಪಿಸುಗುಟ್ಟಲು ಹತ್ತಿರ ಕೂರಬೇಕು. ಹತ್ತಿರ ಕೂತು ಪಿಸುಗುಟ್ಟುವವರ ನಡುವೆ 'ನೀವು' ಎಷ್ಟು ದಿನ ಬಾಳೀತು? ಮೂರನೆಯ ದಿನಕ್ಕೇ ಅದು ಉದುರಿಹೋಯಿತು.

"ಲಾಡೊ, ಗಂಡು ಹಾಡ್ತಿರೋದು ಯಾರಿಗೆ?"

"ಹೆಣ್ಣಿಗೆ."

"ಅದು ಪಕ್ಕದಲ್ಲೇ ಕೂತಿದ್ಯಲ್ಲ."

"ಪಕ್ಕದಲ್ಲಿರೋರಿಗೇ ಹೇಳೋದು ಕಷ್ಟ" ಎಂದು ಅವನು ಅವಳನ್ನೇ ನೋಡಿದ. ರುಫೀನಾ ಕಾಲಿನ ಮೇಲೆ ಇರುವೆ ಇಲ್ಲದಿದ್ದರೂ ಇರುವೆ ಕೊಡವಿದಳು.

ಹನ್ನೆರಡನೆಯ ಬೆಳಗ್ಗೆ ಗೂಡು ಖಾಲಿ. ಹರಿದಿರಲಿಲ್ಲ, ಒಂದು ನಾರೂ ಕದಲಿರಲಿಲ್ಲ. ಮೊಟ್ಟೆ ಇಲ್ಲ, ಹೆಣ್ಣೂ ಇಲ್ಲ. ಗಂಡೊಂದೇ ಕೊಂಬೆಯಿಂದ ಕೊಂಬೆಗೆ ಹಾರಿ ಕೂಗುತ್ತಿತ್ತು. ಎಲಾಡಿಯೊ ಅದನ್ನಾದರೂ ಹಿಡಿದು ಉಳಿಸಬೇಕೆಂದು ಮೂರು ವಾರ ಬಲೆ ಕಟ್ಟಿದ. ಅದು ಬಲೆಯ ಮೇಲೆಯೇ ಹಾರಿಹೋಗುತ್ತಿತ್ತು.

ಆಗಸ್ಟಿನಲ್ಲಿ ಇಲಾಖೆಯ ಆದೇಶ ಬಂತು. ದ್ವೀಪದ ಕಂದು ಮಿಂಚುಳ್ಳಿಗಳೂ ಅಳಿಯುವ ಮೊದಲು ಕೆಲವನ್ನು ಅಮೆರಿಕದ ಝೂ ಒಂದಕ್ಕೆ ಒಯ್ದು ಮರಿ ಮಾಡಿಸಬೇಕು. ಜೊತೆಗೆ ಎಲಾಡಿಯೊ ಹೋಗಬೇಕು. ಎಷ್ಟು ಕಾಲವೋ ಯಾರಿಗೂ ಗೊತ್ತಿಲ್ಲ.

ಹೊರಡುವ ದಿನ ಅವನು ಅವಳ ಕೈಗೆ ಖಾಲಿ ಹಾಳೆಗಳ ಕಟ್ಟು ಕೊಟ್ಟ. "ವಾರಕ್ಕೊಂದು ಸಲ. ಎಂಟು ಜಾಗ, ಎಂಟೆಂಟು ನಿಮಿಷ. ಕಿವಿಗೆ ಬಿದ್ದದ್ದನ್ನ ಮಾತ್ರ ಬರಿ."

"ಮನಸ್ಸಿಗೆ ಬಂದದ್ದನ್ನ?"

ಅವನು ಹಾಳೆಯನ್ನೇ ನೋಡಿದ. "ಅದಕ್ಕೆ ಇದರಲ್ಲಿ ಜಾಗ ಇಲ್ಲ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವನು ಪೆಟ್ಟಿಗೆ ಎತ್ತಿಕೊಂಡ.

ಪ್ರತಿ ಶನಿವಾರ ಅವಳು ಹೋದಳು. ಏಳನೆಯ ಜಾಗದಲ್ಲಿ ಆ ಒಂಟಿ ಗಂಡು ಹಾಡುತ್ತಿತ್ತು. '೧' ಎಂದು ಬರೆದು ಅಂಚೆಗೆ ಹಾಕುವಳು. ಅವನ ಉತ್ತರ ಬರುವುದು:

"ನಿನ್ನ ಒಂದನ್ನ ಗೋಡೆಗೆ ಅಂಟಿಸಿದ್ದೀನಿ. ಇಲ್ಲಿ ಹಿಮ ಬೀಳ್ತಿದೆ, ಕೆಂಪನ್ನದ ಕನಸು ಬೀಳ್ತಿದೆ. ಆ ಹಕ್ಕೀನ ಹಿಡಿಯೋಕೆ ಒಪ್ಪಿಗೆ ಕೇಳಿದ್ದೀನಿ. ಅದು ಹಾಡ್ತಾ ಇರೋವರೆಗೆ ನಾನು ಊರಿಗೆ ಬರೋಕೆ ದಾರಿ ಇದೆ."

ಕೊನೆಯ ವಾಕ್ಯವನ್ನು ರುಫೀನಾ ಎಷ್ಟು ಸಲ ಓದಿದಳೋ, ಮಡಿಕೆಯಲ್ಲಿ ಕಾಗದವೇ ಸವೆದುಹೋಯಿತು.

ಡಿಸೆಂಬರಿನ ಎರಡನೆಯ ಶನಿವಾರ ಏಳನೆಯ ಜಾಗದಲ್ಲಿ ಏನೂ ಕೇಳಲಿಲ್ಲ. ಎಂಟು ನಿಮಿಷ ಕಾದಳು. ಸೂರ್ಯ ನೆತ್ತಿಗೆ ಬರುವವರೆಗೂ ಕಾದಳು. ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಸೊನ್ನೆ ಬರೆಯಲು ಪೆನ್ನು ಊರಿದಳು. ಕೈ ಬಾಗಲಿಲ್ಲ. ಬರೆದದ್ದು '೧'.

ಹೀಗೆ ಹದಿಮೂರು ವಾರ.

ಮಾರ್ಚಿನಲ್ಲಿ, ಈಸ್ಟರ್ ಉಪವಾಸದ ದಿನಗಳಲ್ಲಿ, ಎಲಾಡಿಯೊ ಬಂದೇಬಿಟ್ಟ. ಹೆಗಲಲ್ಲಿ ಹೊಸ ಬಲೆ. ಮುಖ ಸೊರಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಅಜ್ಜಿಯ ಕೈಗೆ ಮೂಗು ತಾಗಿಸಿದವನು ನೀರು ಕೂಡ ಕುಡಿಯಲಿಲ್ಲ.

"ಏಳನೇ ಜಾಗಕ್ಕೆ ನಡಿ. ಅದನ್ನ ಕೇಳಿ ಎಷ್ಟು ದಿನ ಆಯ್ತು!"

ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡಳು. ದಾರಿ ಮುಗಿಯಿತು. ಅವನು ಕಣ್ಣು ಮುಚ್ಚಿ, ಮುಖದ ತುಂಬ ಆಸೆ ಹೊತ್ತು ನಿಂತ. ಆ ಮುಖವನ್ನು ಅವಳಿಂದ ನೋಡಲಾಗಲಿಲ್ಲ.

"ಅದು ಇಲ್ಲ ಲಾಡೊ."

"ತಡಿ, ಈಗಷ್ಟೇ ಬಂದ್ವಿ."

"ಡಿಸೆಂಬರಿಂದ ಇಲ್ಲ. ಆಮೇಲಿನದೆಲ್ಲ ನಾನೇ ಬರೆದದ್ದು."

ಅವನು ಕಲ್ಲಿನ ಮೇಲೆ ಕುಸಿದು ಕೂತ. "ಹದಿಮೂರೂ?"

"ಹದಿಮೂರೂ."

"ಯಾಕೆ?"

"ಸೊನ್ನೆ ಬರೆದ್ರೆ ನೀನು ಬರಲ್ಲ ಅಂತ."

ಅವನು ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. "ಆ ಹಕ್ಕಿಗೇ ಅಂತ ಝೂನಲ್ಲಿ ಮನೆ ಕಟ್ಟಿಸಿದ್ದೆ ರುಫೀನಾ" ಎಂದ. "ನಮ್ಮ ಕಾಡಿನ ಗಿಡಗಳನ್ನೇ ಹುಡುಕಿ ನೆಡಿಸಿದ್ದೆ." ಬಲೆ ಎತ್ತಿಕೊಂಡು ಒಬ್ಬನೇ ಹೊರಟುಹೋದ.

ಎರಡು ದಿನ ಅವನು ಬರಲಿಲ್ಲ. ಅಜ್ಜಿ ಊಟಕ್ಕೆ ಅವನದೂ ಸೇರಿಸಿ ಮೂರು ತಟ್ಟೆಯನ್ನೇ ಇಟ್ಟಳು. ಮೂರನೆಯ ದಿನ ರುಫೀನಾ ಚರ್ಚಿಗೆ ಉಡುವ ಬಟ್ಟೆ ಉಟ್ಟಳು.

"ಎಲ್ಲಿಗೇ ಪುಟ್ಟಿ?"

"ಅವನ ಆಫೀಸಿಗೆ ಅಜ್ಜಿ. ಸುಳ್ಳು ಬರೆದದ್ದು ನಾನು, ಅವನು ಯಾಕೆ ತಲೆ ತಗ್ಗಿಸ್ಬೇಕು?"

ಅಧಿಕಾರಿಯ ಎದುರು ಎಲಾಡಿಯೊ ನಿಂತಿದ್ದ. ಅವಳನ್ನು ಕಂಡು ಬೆಚ್ಚಿದ. ರುಫೀನಾ ಕೂರಲಿಲ್ಲ. ಯಾವ ವಾರದಿಂದ ಯಾವ ವಾರದವರೆಗೆ ಸುಳ್ಳು ಬರೆದಳೋ ಎಲ್ಲ ಹೇಳಿದಳು. ಯಾಕೆ ಎಂಬುದನ್ನು ಅಧಿಕಾರಿ ಕೇಳಲಿಲ್ಲ. ಇಬ್ಬರ ಮುಖ ನೋಡಿದ್ದರಿಂದ ಕೇಳುವ ಅಗತ್ಯ ಬೀಳಲಿಲ್ಲವೋ ಏನೋ.

"ಹಾಗಾದ್ರೆ ನಿಜವಾಗಿ ಕೇಳಿದ್ದು ಕೊನೇಗೆ ಯಾವಾಗ?"

"ಡಿಸೆಂಬರ್ ಮೊದಲನೇ ಶನಿವಾರ. ಬೆಳಗ್ಗೆ ಆರು ಹತ್ತಕ್ಕೆ. ನಾಲ್ಕು ಸಲ ಹಾಡ್ತು. ಐದನೇದು ಅರ್ಧಕ್ಕೆ ನಿಲ್ಲಿಸ್ತು."

ಅಧಿಕಾರಿ ಬರೆದುಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಮೇಲೆ ದ್ವೀಪದಲ್ಲಿ ಎಲ್ಲೂ ಯಾರೂ ಕೇಳಿಲ್ಲಮ್ಮ. ಕೊನೆಯವಳು ನೀನೇ ಇರಬೇಕು."

ಇಷ್ಟು ದಿನ ರುಫೀನಾ ಎಲಾಡಿಯೊಗಾಗಿ ಅತ್ತಿದ್ದಳು. ಆ ಹಕ್ಕಿಗಾಗಿ ಅತ್ತದ್ದು ಆಗಲೇ ಮೊದಲು. ಅಧಿಕಾರಿಯ ಕೋಣೆಯಲ್ಲಿ ನಿಂತಲ್ಲೇ ಅತ್ತಳು.

ಹೊರಗೆ ಬಂದು ಬಿಸಿಲಿನಲ್ಲಿ ನಿಂತಾಗ ಅವನು ಹಿಂದೆಯೇ ಬಂದ.

"ಸುಮ್ನೆ 'ಬಾ' ಅಂತ ಬರೀಬಹುದಿತ್ತಲ್ಲ."

"ಬರೆದಿದ್ರೆ ಬರ್ತಿದ್ಯಾ?"

"ಗೊತ್ತಿಲ್ಲ. ಕೆಲಸ ಇದೆ ಅಂತಿದ್ದೆನೇನೋ. ನಾನೂ ಹಕ್ಕಿ ನೆಪ ಹಿಡ್ಕೊಂಡೇ ನಿನಗೆ ಬರೀತಿದ್ದೆ." ಕೆಳಗೆ ನೋಡಿಕೊಂಡು ಸೇರಿಸಿದ: "ಶುಕ್ರವಾರ ಹೋಗ್ಬೇಕು. ಮಿಂಚುಳ್ಳಿ ಮೊಟ್ಟೆ ಇಟ್ಟಿದೆ. ಅವಾದ್ರೂ ಉಳೀಬೇಕು."

"ಹೋಗು. ಅವನ್ನ ಉಳಿಸು." ಕಿಟಕಿಯಲ್ಲಿ ಆಫೀಸಿನವರು ನೋಡುತ್ತಿದ್ದರು. ನೋಡಲಿ ಎನ್ನಿಸಿತು. "ಆಮೇಲೆ ಬಾ. ಇಲ್ಲಿ ಎಣಿಸೋಕೆ ಏನೂ ಇಲ್ಲ. ನಾನಿದ್ದೀನಿ, ಅಷ್ಟೇ. ನೀನಂದ್ರೆ ನನಗೆ ಪ್ರಾಣ ಲಾಡೊ. ಬಾ."

ಎಲಾಡಿಯೊ ಅವಳ ಎರಡೂ ಕೈ ಎತ್ತಿ ತನ್ನ ಮುಖಕ್ಕೆ ಒತ್ತಿಕೊಂಡ. ಬೆರಳೆಲ್ಲ ಒದ್ದೆಯಾದವು.

ಶುಕ್ರವಾರ ಅವನು ಹೋದ. ಹದಿನಾಲ್ಕು ತಿಂಗಳು ಕಾಗದಗಳು ಬಂದವು, ಹೋದವು. ಒಂದರಲ್ಲೂ ಅಂಕಿ ಇರಲಿಲ್ಲ. ಮರುವರ್ಷದ ಮೇ ತಿಂಗಳ ಒಂದು ಬೆಳಗ್ಗೆ ಅವನು ಅಂಗಳದಲ್ಲಿ ಪೆಟ್ಟಿಗೆ ಇಳಿಸಿದ.

"ಮಿಂಚುಳ್ಳಿದು ಎರಡು ಮರಿ ದೊಡ್ಡವಾದ್ವು" ಎಂದ.

"ಹಸಿವಾಗಿದ್ಯಾ?" ಎಂದಳು ರುಫೀನಾ.

ಉತ್ತರ ಕೊಡುವ ಮೊದಲು ಅವನು ಕಾಡಿನ ಕಡೆ ತಿರುಗಿದ. ಅವಳೂ ಪಕ್ಕದಲ್ಲಿ ಬಂದು ನಿಂತಳು. ಇಬ್ಬರೂ ಬಹಳ ಹೊತ್ತು ಆಲಿಸಿದರು. ಕಡಲಿನ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅವಳು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.