ಕತ್ತರಿಗೆ ಸಿಕ್ಕ ಪುರಾಣ

ಬೆಳಗ್ಗೆ ಬಂದು ನೋಡಿದರೆ ಬಿಲ್ಡ್ ಮುಗ್ಗರಿಸಿ ಬಿದ್ದಿತ್ತು. ಫೈಲಿನ ವಿಳಾಸ ಮಿತಿ ಮೀರಿ ಉದ್ದವಾಯಿತು, ಇನ್ನು ನನ್ನ ಕೈಲಾಗದು ಎನ್ನುತ್ತಿತ್ತು ಕಂಪ್ಯೂಟರ್. ಎಲ್ಲರ ಕೆಲಸವನ್ನೂ ಒಟ್ಟುಗೂಡಿಸಿ ಆ್ಯಪ್ ಮಾಡಿಕೊಡುವ ಈ ಬಿಲ್ಡ್ ನನ್ನ ಜವಾಬ್ದಾರಿ. ತಪ್ಪು ಯಾರದೆಂದು ಹುಡುಕಬೇಕಾಗಿಯೇ ಇರಲಿಲ್ಲ. ಸೀದಾ ಡಿಸೈನರ್‌ನ ಮೇಜಿಗೆ ಹೋದೆ. ಏನು ಕೇಳಿದರೂ ಉದ್ದಕ್ಕೆ ಹೇಳುತ್ತಾನೆಂದು ಆಫೀಸಿನಲ್ಲಿ ಎಲ್ಲರೂ ಅವನನ್ನು ಪುರಾಣ ಎನ್ನುತ್ತಾರೆ. ನನ್ನನ್ನು ಕತ್ತರಿ ಎನ್ನುತ್ತಾರೆ, ಬೆನ್ನ ಹಿಂದೆ.

"ಏನ್ರೀ ಇದು? 'ಬಾಸ್ ಬೇಡ ಅಂದ್ರು ಆದ್ರೆ ಆಮೇಲೆ ಬೇಕು ಅಂತಾರೆ', ಅದರೊಳಗೆ 'ನಂಗೆ ಮಾತ್ರ ಇಷ್ಟವಾದ ನೀಲಿ ಬಣ್ಣದ್ದು', ಅದರೊಳಗೆ ಇನ್ನೊಂದು! ಫೋಲ್ಡರ್ ಹೆಸರೋ, ಹನುಮಂತನ ಬಾಲವೋ?"

"ಹೆಸರು ನೋಡಿದ್ರೆ ಒಳಗೇನಿದೆ ಅಂತ ಗೊತ್ತಾಗ್ಬೇಕಲ್ವಾ?" ಎಂದು ಶುರುಮಾಡಿ ಕತ್ತೆತ್ತಿ ನಕ್ಕ. ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಜಗಳಕ್ಕೆ ಬಂದವಳು ಗುಳಿ ನೋಡುತ್ತ ನಿಂತುಬಿಟ್ಟೆ. ಹಾಳಾದ್ದು!

ಆ ಸಿಟ್ಟಿಗೇ, ಅವನು ಊಟಕ್ಕೆ ಹೋದಾಗ ಸರ್ವರಿನಲ್ಲಿದ್ದ ಅವನ ಫೋಲ್ಡರ್ ಹೆಸರನ್ನೆಲ್ಲ ಎ, ಬಿ, ಸಿ ಎಂದು ಕತ್ತರಿಸಿ ಹಾಕಿದೆ. ಬಿಲ್ಡ್ ಓಡಿತು. ಮರುದಿನ ಗಿರಾಕಿ ಹಳೆಯ ನೀಲಿ ಬಣ್ಣದ ಡಿಸೈನ್ ಕೇಳಿದರು. ಹುಡುಕಿ ಹುಡುಕಿ ಪುರಾಣ ಬೆವರಿದ. ಬಾಸ್ ಎಲ್ಲರೆದುರು ಬೈದರು. ಇದು ನನ್ನದೇ ಕೆಲಸ ಎಂದು ಗೊತ್ತಿದ್ದೂ ಅವನು ನನ್ನ ಹೆಸರೆತ್ತಲಿಲ್ಲ.

ಸಂಜೆ ನನ್ನ ಮೇಜಿಗೆ ಬಂದು, "ನನ್ನನ್ನ ಕೆಳಗಿನ ಮಹಡಿ ಟೀಮ್‌ಗೆ ಹಾಕಿ ಅಂತ ಬಾಸ್ ಹತ್ರ ಕೇಳ್ಕೊಂಡಿದೀನಿ. ನಿಮ್ಮ ಬಿಲ್ಡಿಗಾದ್ರೂ ನೆಮ್ಮದಿ" ಎಂದ.

ಇಷ್ಟು ಚಿಕ್ಕದಾಗಿ ಅವನು ಮಾತಾಡಿದ್ದೇ ಇಲ್ಲ. ಆ ಗುಳಿಯನ್ನು ನನ್ನ ಕೈಯಾರೆ ಕೆಳಗಿನ ಮಹಡಿಗೆ ಅಟ್ಟಿದೆನಲ್ಲ!

ಮರುದಿನ ಅವನಿಗಿಂತ ಮೊದಲೇ ಬಂದೆ. ಬ್ಯಾಕಪ್ ತೆಗೆದು ಅವನ ಹೆಸರುಗಳನ್ನೆಲ್ಲ ಒಂದಕ್ಷರ ಬಿಡದೆ ವಾಪಸ್ ಇಟ್ಟೆ. ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಸಿ ಡ್ರೈವ್, ಡಿ ಡ್ರೈವ್ ಇದ್ದ ಹಾಗೆ, ಆ ಉದ್ದನೆಯ ವಿಳಾಸಕ್ಕೆಲ್ಲ ಸೇರಿಸಿ 'ಪಿ' ಎಂಬ ಒಂದೇ ಅಕ್ಷರ ಕೊಟ್ಟೆ. ಪಿ ಎಂದರೆ ಸಾಕು, ಕಂಪ್ಯೂಟರ್ ನೇರವಾಗಿ ಆ ನೀಲಿ ಡಿಸೈನಿನ ಮುಂದೆ ಹೋಗಿ ನಿಲ್ಲುತ್ತದೆ.

"ನಿಮ್ಮ ಹೆಸರು ನಿಮ್ಗೆ, ನನ್ನ ಬಿಲ್ಡ್ ನಂಗೆ. ತಪ್ಪಾಯ್ತು. ಕೆಳಗೆ ಹೋಗ್ಬೇಡಿ" ಎಂದೆ ಅವನು ಬಂದ ಕೂಡಲೇ.

"ಬಿಲ್ಡ್ ಓಡ್ತಾ ಇತ್ತಲ್ಲ. ಮತ್ಯಾಕೆ ಇಷ್ಟೆಲ್ಲ ಮಾಡಿದ್ರಿ?"

"ನೀವ್ಯಾಕೆ ಬಾಸ್ ಹತ್ರ ನನ್ನ ಹೆಸರು ಹೇಳ್ಲಿಲ್ಲ?"

ಪುರಾಣ ಗಂಟಲು ಸರಿಮಾಡಿಕೊಂಡ. "ಅದು ಹೇಗಂದ್ರೆ... ನೀವು ಕೆಲಸಕ್ಕೆ ಸೇರಿದ ದಿನ ಲಿಫ್ಟ್ ಕೆಟ್ಟಿತ್ತು, ನೀವು ಅದಕ್ಕೆ ಬೈಕೊಂಡು ಮೆಟ್ಟಿಲು ಹತ್ತಿ ಬರ್ತಾ ಇದ್ರಿ, ಆಗ ನಾನು ಕಾಫಿ ಹಿಡ್ಕೊಂಡು..."

"ಮಿತಿ ಮೀರ್ತಾ ಇದೆ ರೀ! ಚಿಕ್ಕದಾಗಿ!"

"ಇಷ್ಟ" ಎಂದ. ಅವನ ಕಿವಿ ಕೆಂಪಗಾಗಿತ್ತು. "ನೀವಂದ್ರೆ."

ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಅವನತ್ತ ತಳ್ಳಿದೆ.

"ನಂಗೂ" ಎಂದೆ. "ಈಗ ಕೂತ್ಕೊಳ್ಳಿ. ಆ ಲಿಫ್ಟ್ ಕೆಟ್ಟಿದ್ದಲ್ಲಿಂದ ಪೂರ್ತಿ ಹೇಳಿ. ಒಂದಕ್ಷರಾನೂ ಕತ್ತರಿಸ್ಬೇಡಿ."