ಎರಡನೇ ಕಾರಿನ ಜಾಗ

ಮಲೇಷ್ಯಾದ ಇಪೊದಿಂದ ತೈಪಿಂಗಿಗೆ ಹೋಗುವ ಹಳೆಯ ಕಾರುಗಳ ವಾರ್ಷಿಕ ಮೆರವಣಿಗೆಯಲ್ಲಿ ಎರಡನೇ ಕಾರು ಯಾರದೆಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಮೊದಲನೆಯದು ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ ಜಹಾರಾ ಅವರದು; ಎಲ್ಲರ ಬಾಯಲ್ಲೂ ಅವರು ‘ಚಿಕ್ಗು’, ಎಂದರೆ ಟೀಚರ್. ಮೂವತ್ತೊಂದು ವರ್ಷ ಅವರ ಬೆನ್ನಿಗೇ ಇದ್ದದ್ದು ಮೆಕ್ಯಾನಿಕ್ ಫೂಂಗ್‌ನ ಕಾರು. ಫೂಂಗ್ ನಿಷ್ಠಾವಂತ, ವಾರವಾರವೂ ತನ್ನ ಮೋರಿಸ್ ಕಾರಿನ ನಂಬರಿಗೇ ಲಾಟರಿ ಕಟ್ಟಿ ಸೋತು, ಊರವರ ಬಾಯಿಗೆ ಬೀಳುವಷ್ಟು ನಿಷ್ಠಾವಂತ. ಈ ಸಲದ ಪಟ್ಟಿಯಲ್ಲಿ ಎರಡನೇ ಜಾಗ ಹಲ್ಲಿನ ಡಾಕ್ಟರ್ ಹರ್ಮಿತ್‌ಗೆ ಹೋಗಿತ್ತು. ಫೂಂಗ್ ಹದಿನಾಲ್ಕನೆಯವನು, ಎಂದರೆ ಬಾಲ. ಕಾರಣ ಕೇಳುವುದು ಅವನ ಜಾಯಮಾನವಲ್ಲ.

ಚಿಕ್ಗು ಕಾರನ್ನು ದಾರಿಯಲ್ಲಿ ನಿಲ್ಲಿಸುವ ಅವನ ಯೋಜನೆಗೆ ಕತ್ತರಿ ಬೇಕಿರಲಿಲ್ಲ. ವೈರು ಕತ್ತರಿಸಿದರೆ ಗುರುತು ಉಳಿಯುತ್ತದೆ, ಬೆಲ್ಟು ಸಡಿಲಿಸಿದರೆ ಕಿರುಚುತ್ತದೆ. ಡೈನಮೊದಿಂದ ಬ್ಯಾಟರಿಗೆ ಕರೆಂಟು ಹೋಗುವ ದಾರಿಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಅದರೊಳಗೆ ಕೂಡಿ ಬಿಡುವ ಎರಡು ಲೋಹದ ತುಟಿಗಳು. ನಡುವೆ ಒಂದು ಚೂರು ಕಾಗದ ಸಿಕ್ಕಿಸಿದರೆ ಡೈನಮೊ ತಿರುಗುತ್ತಲೇ ಇರುತ್ತದೆ, ಬ್ಯಾಟರಿ ಉಪವಾಸ ಬೀಳುತ್ತದೆ. ಎಚ್ಚರಿಸಬೇಕಾದ ಕೆಂಪು ದೀಪ ಚಿಕ್ಗು ಕಾರಿನಲ್ಲಿ ಸುಟ್ಟು ಎರಡು ವರ್ಷವಾಗಿದೆ. ಮೆರವಣಿಗೆಯಲ್ಲಿ ಹಗಲಲ್ಲೂ ಹೆಡ್‌ಲೈಟು ಉರಿಯಬೇಕೆಂಬುದು ಸಂಘದ ನಿಯಮ. ದಾರಿ ನಡುವಿನ ಕ್ವಾಲಾ ಕಂಗ್ಸಾರ್ ಊರಿನ ಹತ್ತಿರ ಕಾರು ನಿಲ್ಲುತ್ತದೆ. ಹರ್ಮಿತ್ ಬಾನೆಟ್ಟಿನೊಳಗೆ ಹಲ್ಲು ಹುಡುಕುತ್ತಾನೆ. ಆಗ ಫೂಂಗ್ ಹಿಂದಿನಿಂದ ನಡೆದುಬಂದು, ಕಾಗದವನ್ನು ಮುಷ್ಟಿಯಲ್ಲಿ ಅಡಗಿಸಿ, ತಾನು ತಂದಿಟ್ಟ ಬ್ಯಾಟರಿ ಹಾಕಿಕೊಟ್ಟು, ಏನೂ ಹೇಳದೆ ಕೈ ಒರೆಸಿಕೊಳ್ಳುತ್ತಾನೆ. ಉಳಿದದ್ದನ್ನು ಅವರೇ ಅರ್ಥಮಾಡಿಕೊಳ್ಳಲಿ.

ಶನಿವಾರ ಚಿಕ್ಗು ಕಾರು ಫೂಂಗ್‌ನಲ್ಲಿಗೆ ತಪಾಸಣೆಗೆ ಬಂತು. ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ತಿಂಡಿ.

"ಮೊದಲು ತಿನ್ನು ಫೂಂಗ್. ನೀನು ನೋಡಿದ ಮೇಲೆ ನನಗೆ ಇನ್ನೇನು ಚಿಂತೆ?" ಎಂದು ಚಿಕ್ಗು ನಿಶ್ಚಿಂತೆಯಿಂದ ನೆರೆಯವರ ಕಾರು ಹತ್ತಿ ಹೋದರು.

ಎಡಗೈಯಲ್ಲಿ ಅವರ ತಿಂಡಿ ಹಿಡಿದುಕೊಂಡೇ ಫೂಂಗ್ ಜೇಬಿನಲ್ಲಿದ್ದ ಹಳೆಯ ಚೀಟಿಯೊಂದನ್ನು ಮಡಿಸಿ ಪೆಟ್ಟಿಗೆಯೊಳಗೆ ಸಿಕ್ಕಿಸಿದ. ನಾಚಿಕೆ ಗಂಟಲಿಗೆ ಅಂಟಿತು. ಅಂಟಕ್ಕಿಯೇ ಇರಬೇಕೆಂದು ನೀರು ಕುಡಿದ.

ಭಾನುವಾರ ಕಾರು ಕ್ವಾಲಾ ಕಂಗ್ಸಾರ್‌ಗೆ ಎರಡು ಮೈಲಿ ಇರುವಾಗ, ಡುರಿಯನ್ ಹಣ್ಣಿನ ಅಂಗಡಿಯೊಂದರ ಎದುರು ನಿಂತಿತು. ಕಾಪಾಡುವವನು ಓಡಬಾರದು, ಫೂಂಗ್ ನಿಧಾನವಾಗಿ ನಡೆದ. ಚಿಕ್ಗು ಹರ್ಮಿತ್‌ಗೆ ಹೇಳುತ್ತಿದ್ದದ್ದು ಕೇಳಿಸಿತು.

"ಅದಕ್ಕೇ ನೋಡು ಅವನನ್ನ ಕೊನೇಗೆ ಹಾಕಿದ್ದು. ಹೋದ ವರ್ಷ ಹಿಂದೆ ಮೂರು ಕಾರು ನಿಂತಿದ್ದೇ ನಮಗೆ ಗೊತ್ತಾಗಲಿಲ್ಲ. ಎಲ್ಲರ ಬೆನ್ನು ಕಾಯೋಕೆ ಫೂಂಗ್ ಒಬ್ಬನೇ ಸರಿ."

ಫೂಂಗ್‌ನ ಕಾಲು ತಾನಾಗಿ ನಿಂತಿತು. ಹಿಂದಿರುಗಿ ಹೋಗಿಬಿಡೋಣವೆನಿಸಿತು; ಆದರೆ ಕಾಗದ ಇನ್ನೂ ಒಳಗಿತ್ತು.

ಒಳಗಿರಲಿಲ್ಲ. ಕಾರು ನಿಂತರೆ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ ಎಂದು ಚಿಕ್ಗುಗೆ ಹೇಳಿಕೊಟ್ಟವನು ಅವನೇ. ಅವರು ತಲೆವಸ್ತ್ರದ ಪಿನ್ನು ತೆಗೆದು ಕಾಗದ ಎಳೆದಾಗಿತ್ತು. ಜೂಜಿನ ಗಂಧಗಾಳಿಯಿಲ್ಲದ ಅವರಿಗೆ ಅದೇನೆಂದು ತಿಳಿಯದೆ ಅಂಗಡಿಯ ಹೆಂಗಸಿಗೆ ಕೊಟ್ಟರು. ಅವಳು ಬಿಡಿಸಿ ನೋಡಿದಳು. "ಲಾಟರಿ ಚೀಟಿ, ಚಿಕ್ಗು. ಕೆಟ್ಟ ಕಾರಲ್ಲಿ ಸಿಕ್ಕಿದ ನಂಬರು ಒಳ್ಳೇದು, ನಾನೂ ಕಟ್ತೀನಿ. ಮೂರು, ಎಂಟು, ಒಂದು, ಏಳು. ಯಾರ ಕಾರಿನ ನಂಬರು ಇದು?" ಸಾಲಿನ ಎಲ್ಲ ತಲೆಗಳೂ ಬಾಲದಲ್ಲಿದ್ದ ಮೋರಿಸ್‌ನ ನಂಬರ್ ಪ್ಲೇಟಿನ ಕಡೆ ತಿರುಗಿದವು. "ಅಂಕಲ್," ಎಂದ ಹರ್ಮಿತ್, ಫೂಂಗ್‌ನ ಕಡೆ ತಿರುಗಿ. ಚಿಕ್ಗು ಪಿನ್ನನ್ನು ಮತ್ತೆ ತಲೆವಸ್ತ್ರಕ್ಕೆ ಚುಚ್ಚಿಕೊಂಡರು. ಮರುವರ್ಷದ ಮೆರವಣಿಗೆಯಲ್ಲಿ ಹದಿಮೂರು ಕಾರುಗಳಿದ್ದವು.